ಹಿತ್ತಲ ಬೀಜ ಕಾಯ್ದವರು

ಕನ್ನಡನಾಡಿನ ಯಾವುದೇ ಮನೆಯ ಸಾಂಬಾರ ಡಬ್ಬಿಯ ಮುಚ್ಚಳ ತೆಗೆದರೂ ಅಲ್ಲಿ ಒಂದು ಪುಟ್ಟ ತೋಟವೇ ಅಡಗಿರುತ್ತದೆ. ಕೊತ್ತಂಬರಿ, ಮೆಂತ್ಯ, ಸಾಸಿವೆ, ಜೀರಿಗೆ, ಓಮ ಇವೆಲ್ಲ ಬಾಣಲೆಗೆ ಬಿದ್ದರೆ ಮಸಾಲೆ, ಮಣ್ಣಿಗೆ ಬಿದ್ದರೆ ಬೀಜ. ಭತ್ತವನ್ನು ಕುಟ್ಟಿ ಅಕ್ಕಿ ಮಾಡಿದ ಮೇಲೆ ಅದನ್ನು ಬಿತ್ತುವಂತಿಲ್ಲ. ತೊಗರಿಯನ್ನು ಒಡೆದು ಬೇಳೆ ಮಾಡಿದ ಮೇಲೆ ಅದು ಮೊಳೆಯುವುದಿಲ್ಲ. ಹಿತ್ತಲ ಸೊಪ್ಪಿನ ಗಿಡಗಳಿಗೆ ಮಾತ್ರ ಈ ಭೇದವಿಲ್ಲ. ತಿನ್ನುವ ಕಾಳೂ ಬಿತ್ತುವ ಕಾಳೂ ಒಂದೇ. ಪ್ರಾಯಶಃ ಈ ಕಾರಣದಿಂದಲೇ ಇವುಗಳ ಬೀಜ ಕಾಯುವ ಕೆಲಸ ಹೊಲದ ಯಜಮಾನನ ಕಣಜಕ್ಕಿಂತ ಹೆಚ್ಚಾಗಿ ಹೆಂಗಸರ ಅಡುಗೆಮನೆಯಲ್ಲಿ ನಡೆದುಬಂತು.

ಇಂದು ತಾರಸಿಯ ಮೇಲೆ ನಾಲ್ಕು ಕುಂಡವಿಟ್ಟು ಸೊಪ್ಪು ಬೆಳೆಯುವ ನಗರವಾಸಿಗಳು ಪ್ರತಿ ಬಾರಿಯೂ ಅಂಗಡಿಯಿಂದ ಬೀಜದ ಪೊಟ್ಟಣ ತರುತ್ತಾರೆ. ಕೊತ್ತಂಬರಿ ಹೂ ಬಿಟ್ಟೊಡನೆ ಇನ್ನು ಪ್ರಯೋಜನವಿಲ್ಲವೆಂದು ಗಿಡ ಕಿತ್ತೆಸೆಯುತ್ತಾರೆ. ಹಿಂದಿನ ತಲೆಮಾರಿನ ಅಜ್ಜಿಯಂದಿರಿಗೆ ನಿಜವಾದ ಕೆಲಸ ಆರಂಭವಾಗುತ್ತಿದ್ದುದೇ ಗಿಡ ಹೂ ಬಿಟ್ಟ ಮೇಲೆ. ಆ ಕೆಲಸ ಕಷ್ಟದ್ದೇನಲ್ಲ. ಯಾವ ಗಿಡ, ಯಾವ ಹೊತ್ತು, ಎಷ್ಟು ಒಣಗಿಸಬೇಕು ಎಂಬ ಮೂರು ವಿಷಯ ತಿಳಿದಿದ್ದರೆ ಸಾಕು. ಆದರೆ ಈ ಮೂರನ್ನು ಮನುಷ್ಯ ಕಲಿತದ್ದು ಸಾವಿರಾರು ವರ್ಷಗಳ ಅನುಭವದಿಂದ.

ಸಮಾಧಿಯಲ್ಲಿ ಸಿಕ್ಕ ಕಾಳು

1922ರಲ್ಲಿ ಹೊವಾರ್ಡ್ ಕಾರ್ಟರ್ ಬೆಳಕಿಗೆ ತಂದ ಈಜಿಪ್ಟಿನ ದೊರೆ ತೂತನ್‌ಖಾಮನ್‌ನ ಸಮಾಧಿಯಲ್ಲಿ ಚಿನ್ನದ ಮುಖವಾಡದ ಜತೆಗೆ ಬುಟ್ಟಿಗಳಲ್ಲಿ ಆಹಾರ ಪದಾರ್ಥಗಳೂ ಇದ್ದವು. ಅವುಗಳಲ್ಲಿ ಸುಮಾರು ಅರ್ಧ ಲೀಟರ್ ಅಳತೆಯ ಕೊತ್ತಂಬರಿ ಕಾಳು ದೊರೆಯಿತು. ಮೆಂತ್ಯವೂ ಇತ್ತು. ಇವು ಕ್ರಿ. ಪೂ. 14ನೇ ಶತಮಾನದವು. ಕೊತ್ತಂಬರಿ ಈಜಿಪ್ಟಿನಲ್ಲಿ ತಾನೇ ತಾನಾಗಿ ಬೆಳೆಯುವ ಕಾಡುಗಿಡವಲ್ಲ. ಆದ್ದರಿಂದ ಆ ಕಾಲಕ್ಕಾಗಲೇ ಅಲ್ಲಿನವರು ಬೀಜ ಉಳಿಸಿಕೊಂಡು ಬಿತ್ತಿ ಬೆಳೆಯುತ್ತಿದ್ದರು ಎಂದು ಸಸ್ಯ ಇತಿಹಾಸಕಾರರು ತರ್ಕಿಸುತ್ತಾರೆ. ಗ್ರೀಸಿನ ಮೈಸೀನೀ ನಾಗರಿಕತೆಯ ಜೇಡಿಮಣ್ಣಿನ ಫಲಕಗಳಲ್ಲಿಯೂ ಕೊತ್ತಂಬರಿಯ ಲೆಕ್ಕ ಬರುತ್ತದೆ. ನಮ್ಮಲ್ಲಿ ಪಾಣಿನಿಯ ವ್ಯಾಕರಣ ‘ಕುಸ್ತುಂಬುರು’ ಎಂಬ ಶಬ್ದವನ್ನು ಬಲ್ಲದು. ಕನ್ನಡದ ಕೊತ್ತಂಬರಿ ಇದೇ ಶಬ್ದದ ಬಂಧು.

ಮೂರು ಸಾವಿರ ವರ್ಷ ಕೆಡದೆ ಉಳಿದ ಕಾಳು ಬಿತ್ತಿದರೆ ಮೊಳೆಯಬಹುದೇ? ಈ ಕುತೂಹಲ 19ನೇ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಸುದ್ದಿಯಾಗಿತ್ತು. ಮಮ್ಮಿಯ ಜತೆಯಲ್ಲಿ ಸಿಕ್ಕ ಗೋಧಿಯಿಂದ ಬೆಳೆ ತೆಗೆದುದಾಗಿ ಹಲವರು ಹೇಳಿಕೊಂಡರು. ವಿಜ್ಞಾನಿಗಳು ಪರೀಕ್ಷಿಸಿದಾಗ ಸಮಾಧಿಯ ಒಂದು ಕಾಳೂ ಮೊಳೆಯಲಿಲ್ಲ. ಆಕಾರ ಉಳಿದಿತ್ತು, ಜೀವ ಹೋಗಿತ್ತು. ಇದಕ್ಕೆ ಅಪವಾದಗಳು ಇಲ್ಲವೆಂದಲ್ಲ. ಇಸ್ರೇಲಿನ ಮಸಾದ ಕೋಟೆಯ ಉತ್ಖನನದಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. ಆದರೆ ಅಂಥ ಆಯಸ್ಸು ಹಿತ್ತಲ ಸೊಪ್ಪಿನ ಬೀಜಕ್ಕಿಲ್ಲ. ಮನೆಯ ಸಾಧಾರಣ ಹವೆಯಲ್ಲಿ, ಚೆನ್ನಾಗಿ ಒಣಗಿಸಿಟ್ಟರೂ, ಕೊತ್ತಂಬರಿ, ಸಬ್ಬಸಿಗೆ, ಕಾಮಕಸ್ತೂರಿಗಳ ಬೀಜ ಎರಡು ಮೂರು ವರ್ಷ, ಹೆಚ್ಚೆಂದರೆ ನಾಲ್ಕೈದು ವರ್ಷ ಬಾಳಬಲ್ಲದು.

ಇದರ ಅರ್ಥ ಸರಳ. ಇಂದು ನಮ್ಮ ಸಾರಿಗೆ ಬೀಳುವ ಕೊತ್ತಂಬರಿ ಯಾವುದೋ ಪುರಾತನ ಭಂಡಾರದಿಂದ ಬಂದುದಲ್ಲ. ಕೆಲವೇ ವರ್ಷಗಳಿಗೊಮ್ಮೆ ಯಾರೋ ಒಬ್ಬರು ಬಿತ್ತಿ, ಬೆಳೆದು, ಮತ್ತೆ ಬೀಜ ಹಿಡಿದು ಮುಂದಿನವರ ಕೈಗೆ ಕೊಟ್ಟಿದ್ದಾರೆ. ಮೂರು ಸಾವಿರ ವರ್ಷಗಳಲ್ಲಿ ಈ ಸರಪಳಿ ಪೂರ್ತಿಯಾಗಿ ಎಲ್ಲಿಯೂ ತುಂಡಾಗದೆ ಬಂದಿದೆ.

ಹಳಬರು ಬರೆದಿಟ್ಟದ್ದು

ಬೀಜಗಳ ಆಯಸ್ಸಿನ ಬಗ್ಗೆ ಕ್ರಮವಾಗಿ ಯೋಚಿಸಿದವರಲ್ಲಿ ಮೊದಲಿಗನೆಂದರೆ ಅರಿಸ್ಟಾಟಲನ ಶಿಷ್ಯ ಥಿಯೊಫ್ರಾಸ್ಟಸ್. ಕ್ರಿಸ್ತಪೂರ್ವದ ಈ ಗ್ರೀಕ್ ಪಂಡಿತ ಸಸ್ಯಗಳನ್ನು ಕುರಿತ ತನ್ನ ಗ್ರಂಥದ ಒಂದು ಭಾಗವನ್ನು ಕೈತೋಟದ ಸೊಪ್ಪುಗಳಿಗೆ ಮೀಸಲಿಟ್ಟ. ಕೊತ್ತಂಬರಿ, ಸಾಸಿವೆಗಳ ಬೀಜ ಹೆಚ್ಚು ಕಾಲ ತಾಳುತ್ತದೆ, ಕಾಮಕಸ್ತೂರಿಯ ಜಾತಿ ಮತ್ತು ಸೌತೆಗಳದು ಅಷ್ಟು ತಾಳದು, ಯಾವುದೇ ಆದರೂ ನಾಲ್ಕು ವರ್ಷ ಮೀರಿದ ಬೀಜವನ್ನು ನಂಬುವಂತಿಲ್ಲ ಎಂಬುದು ಅವನ ಅಭಿಪ್ರಾಯ. ಜೀರಿಗೆ ಬಿತ್ತುವಾಗ ಶಪಿಸುತ್ತಾ ಬೈಯುತ್ತಾ ಬಿತ್ತಿದರೆ ಬೆಳೆ ಹುಲುಸಾಗುತ್ತದೆ ಎಂಬ ಜನರ ನಂಬಿಕೆಯನ್ನೂ ಅವನು ದಾಖಲಿಸಿದ್ದಾನೆ. ನಂಬಿಕೆ ಏನೇ ಇರಲಿ, ನಾಲ್ಕು ವರ್ಷದ ಲೆಕ್ಕ ಇಂದಿನ ತೋಟಗಾರರ ಅನುಭವಕ್ಕೂ ಹತ್ತಿರವಾಗಿದೆ.

ಭಾರತದಲ್ಲಿ ಈ ತಿಳಿವಳಿಕೆ ಕೃಷಿ ಗ್ರಂಥಗಳಲ್ಲೂ ವೃಕ್ಷಾಯುರ್ವೇದದಲ್ಲೂ ಸೇರಿಕೊಂಡಿತು. ‘ಕೃಷಿ ಪರಾಶರ’ ಎಂಬ ಸಂಸ್ಕೃತ ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅದರ ಸಲಹೆ ಸ್ಪಷ್ಟವಾಗಿದೆ: ಮಾಘ ಅಥವಾ ಫಾಲ್ಗುಣ ಮಾಸದಲ್ಲಿ ಬೀಜ ಸಂಗ್ರಹಿಸಿ ಬಿಸಿಲಿನಲ್ಲಿ ಒಣಗಿಸಬೇಕು, ಒಂದೇ ಬಗೆಯ ಕಾಳುಗಳನ್ನು ಆರಿಸಿಡಬೇಕು. ಮಾಘ, ಫಾಲ್ಗುಣ ಎಂದರೆ ಚಳಿ ಕಳೆದು ಗಾಳಿಯಲ್ಲಿ ತೇವ ಕಡಿಮೆಯಾಗುವ ಕಾಲ. ಶಾಸ್ತ್ರಕಾರ ತಿಂಗಳು ಹೇಳುವಾಗ ಹವೆಯನ್ನು ಲೆಕ್ಕ ಹಾಕಿದ್ದ ಎಂಬುದು ಗಮನಾರ್ಹ. 6ನೇ ಶತಮಾನದ ವರಾಹಮಿಹಿರ ತನ್ನ ‘ಬೃಹತ್ಸಂಹಿತೆ’ಯಲ್ಲಿ ಬಿತ್ತುವ ಮುನ್ನ ಬೀಜವನ್ನು ಹಾಲು, ತುಪ್ಪ, ಸಗಣಿಗಳಿಂದ ಉಪಚರಿಸುವ ಕ್ರಮವನ್ನು ವಿವರಿಸುತ್ತಾನೆ. ಕನ್ನಡದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಜಯಸಿಂಹನ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ‘ಲೋಕೋಪಕಾರ’ ರಚಿಸಿದ. ಜನರ ನಿತ್ಯದ ಬದುಕಿಗೆ ಬೇಕಾದುದನ್ನೆಲ್ಲ ಒಂದೆಡೆ ತಂದ ಈ ಕೃತಿಯಲ್ಲಿ ಅಡುಗೆಗೂ ಜಾಗವಿದೆ, ವೃಕ್ಷಾಯುರ್ವೇದಕ್ಕೂ ಜಾಗವಿದೆ. ಸಾಂಬಾರ ಡಬ್ಬಿಯೂ ಹಿತ್ತಲೂ ಒಂದೇ ಹೊತ್ತಿಗೆಯಲ್ಲಿ ಕೂಡಿಕೊಂಡದ್ದು ಆಕಸ್ಮಿಕವಲ್ಲ.

ಮಡಕೆ, ಬೂದಿ, ಬೇವು

ಗ್ರಂಥಗಳನ್ನು ಓದದ ಜನ ತಮ್ಮದೇ ದಾರಿಯಲ್ಲಿ ಅದೇ ತೀರ್ಮಾನಕ್ಕೆ ಬಂದಿದ್ದರು. ಬಯಲುಸೀಮೆಯಲ್ಲಿ ರಾಗಿಗೆ ನೆಲದೊಳಗಿನ ಹಗೇವು, ಕರಾವಳಿಯಲ್ಲಿ ಭತ್ತಕ್ಕೆ ಹುಲ್ಲಿನ ಮುಡಿ ಇದ್ದಂತೆ, ಹಿಡಿಯಷ್ಟೇ ಇರುವ ಸೊಪ್ಪು ತರಕಾರಿ ಬೀಜಕ್ಕೆ ಬೇರೆಯೇ ಏರ್ಪಾಡು ಇತ್ತು. ಒಣಗಿದ ಸೋರೆಬುರುಡೆ, ಕಿರುಗಾತ್ರದ ಮಡಕೆ, ಹಳೆಯ ಬಟ್ಟೆಯ ಗಂಟು ಇವೇ ಪಾತ್ರೆಗಳು. ಬೀಜದ ಜತೆಗೆ ಜರಡಿ ಹಿಡಿದ ಒಲೆಬೂದಿ, ಒಣಗಿದ ಬೇವಿನ ಎಲೆ ಅಥವಾ ಲಕ್ಕಿ ಸೊಪ್ಪು ಬೆರೆಸಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ ಸಗಣಿ ಮೆತ್ತುತ್ತಿದ್ದರು. ಸೌತೆ, ಕುಂಬಳಗಳ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದು ಒಣಗಿಸುವ ರೂಢಿ ಅನೇಕ ಕಡೆ ಇತ್ತು. ಆಷಾಢದ ಮಳೆ ಬಿಡದೆ ಸುರಿಯುವ ಮಲೆನಾಡಿನಲ್ಲಿ ಬೀಜದ ಗಂಟು ಒಲೆಯ ಮೇಲಿನ ಅಟ್ಟ ಸೇರುತ್ತಿತ್ತು. ಕೆಳಗಿನ ಬೆಂಕಿ ತೇವವನ್ನು ಓಡಿಸುತ್ತಿತ್ತು, ಹೊಗೆ ಹುಳುಗಳನ್ನು ದೂರವಿಡುತ್ತಿತ್ತು.

ಇದರ ಹಿಂದಿನ ವಿಜ್ಞಾನ ಖಚಿತವಾದದ್ದು 20ನೇ ಶತಮಾನದಲ್ಲಿ. ಬೀಜ ಜೀವಂತ ವಸ್ತು. ಅದು ಅತಿ ನಿಧಾನವಾಗಿ ಉಸಿರಾಡುತ್ತಾ ಒಳಗಿನ ಆಹಾರವನ್ನು ಕರಗಿಸುತ್ತಿರುತ್ತದೆ. ತೇವ ಮತ್ತು ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗಿ ಬೀಜ ಬೇಗ ಮುಪ್ಪಾಗುತ್ತದೆ. ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಇದಕ್ಕೆ ಒಂದು ಸುಲಭ ಲೆಕ್ಕ ಕೊಟ್ಟ. ಬೀಜದ ತೇವಾಂಶ ಶೇಕಡ 1ರಷ್ಟು ತಗ್ಗಿದರೆ ಅದರ ಆಯಸ್ಸು ಎರಡರಷ್ಟಾಗುತ್ತದೆ. ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೂ ಆಯಸ್ಸು ಎರಡರಷ್ಟಾಗುತ್ತದೆ. ಈ ಲೆಕ್ಕದಲ್ಲಿ ಶೇ. 12 ತೇವ ಇರುವ ಬೀಜವನ್ನು ಶೇ. 8ಕ್ಕೆ ಒಣಗಿಸಿದರೆ ಅದು 16 ಪಟ್ಟು ಹೆಚ್ಚು ಕಾಲ ಬಾಳಬೇಕು. ಇದು ಸ್ಥೂಲ ಸೂತ್ರ ಮಾತ್ರ. ಆದರೂ ಬೂದಿಯ ಮಹತ್ವ ಇದರಿಂದ ತಿಳಿಯುತ್ತದೆ. ಒಣಬೂದಿ ಕಾಳುಗಳ ನಡುವಿನ ಸಂದನ್ನು ತುಂಬಿ ತೇವವನ್ನು ಹೀರುತ್ತದೆ. ಹುಳುಗಳ ಮೈಯ ಮೇಣದ ಪದರವನ್ನು ಉಜ್ಜಿ ಅವು ಒಣಗಿ ಸಾಯುವಂತೆ ಮಾಡುತ್ತದೆ.

ಎಲ್ಲ ಬೀಜಗಳೂ ಈ ನಿಯಮಕ್ಕೆ ಒಳಪಡುವುದಿಲ್ಲ. 1973ರಲ್ಲಿ ರಾಬರ್ಟ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಬೀಜಗಳನ್ನು ಎರಡು ಪಂಗಡ ಮಾಡಿದ. ಒಣಗಿಸಿದಷ್ಟೂ ಹೆಚ್ಚು ಬಾಳುವ ಬೀಜಗಳಿಗೆ ಅವನು ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಸಂಪ್ರದಾಯಸ್ಥ’ ಎನ್ನಬಹುದು. ಒಣಗಿಸಿದರೆ ಸಾಯುವವು ‘ಹಠಮಾರಿ’ಗಳು. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ತುಳಸಿ ಮೊದಲ ಪಂಗಡದವು. ಕರಿಬೇವು ಎರಡನೆಯದು. ಅದರ ಹಣ್ಣಿನ ಬೀಜವನ್ನು ಕೂಡಿಡದೆ ಹಸಿಯಾಗಿಯೇ ಬಿತ್ತಬೇಕು. ಇನ್ನು ಪುದೀನ, ದೊಡ್ಡಪತ್ರೆ, ಒಂದೆಲಗಗಳಿಗೆ ಬೀಜದ ಗೊಡವೆಯೇ ಬೇಡ. ಒಂದು ಕಡ್ಡಿಯೋ ಬಳ್ಳಿಯೋ ನೆಟ್ಟರೆ ಸಾಕು.

ಯಾವ ಗಿಡ, ಯಾವ ಹೊತ್ತು

ಹೊಸಬರು ಬೀಜ ಹಿಡಿಯಲು ಮೆಂತ್ಯದಿಂದ ಆರಂಭಿಸುವುದು ಲೇಸು. ಮೆಂತ್ಯದ ಹೂ ತನ್ನಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಬೆರಕೆಯಾಗುವ ಭಯ ಕಡಿಮೆ. ಕಾಯಿ ಹಳದಿ ತಿರುಗಿ ಒಣಗತೊಡಗಿದಾಗ, ಸಿಡಿಯುವ ಮುನ್ನ, ಗಿಡವನ್ನೇ ಕಿತ್ತು ನೆರಳಿನಲ್ಲಿ ಒಣಗಿಸಿ ಬಡಿದರೆ ಕಾಳು ಸಿಗುತ್ತದೆ.

ಕೊತ್ತಂಬರಿಯಲ್ಲಿ ಆಯ್ಕೆಗೆ ಹೆಚ್ಚು ಗಮನ ಬೇಕು. ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗಿಡವನ್ನೇ ಬೀಜಕ್ಕೆ ಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಬೇಗ ಹೂ ಬಿಡುವ ಗಿಡದ ಬೀಜ ಹಿಡಿದರೆ ಮುಂದಿನ ಬೆಳೆಯೂ ಬೇಗ ಹೂವಿಗೆ ಬರುತ್ತದೆ. ಆಗ ಸೊಪ್ಪು ಸಿಗುವುದು ಕಡಿಮೆ. ಸೊಪ್ಪು ಬೇಕೆನ್ನುವವರು ತಡವಾಗಿ ಹೂ ಬಿಡುವ, ಎಲೆ ದಟ್ಟವಾಗಿರುವ ಗಿಡಗಳಿಗೆ ಗುರುತಿನ ದಾರ ಕಟ್ಟಿ, ಅವುಗಳಿಂದ ಸೊಪ್ಪು ಚಿವುಟದೆ ಬಿಡಬೇಕು. ದಿನಸಿ ಅಂಗಡಿಯ ಕೊತ್ತಂಬರಿ ಕಾಳಿಗಾಗಿ ಬೆಳೆದದ್ದು. ಅದು ಮೊಳೆತರೂ ಬೇಗ ಹೂವಿಗೆ ಬರುವ ಸಂಭವ ಹೆಚ್ಚು. ಇದರ ಹೂವಿಗೆ ಜೇನ್ನೊಣಗಳು ಬರುವುದರಿಂದ ಒಂದೇ ಗಿಡವನ್ನು ನಂಬದೆ ಹತ್ತಾರು ಗಿಡಗಳ ಬೀಜವನ್ನು ಬೆರೆಸಿಡುವುದು ಒಳ್ಳೆಯದು.

ಹಸಿರು ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ಲಿಗೆ ಹದ. ಕೊತ್ತಂಬರಿ, ಸಬ್ಬಸಿಗೆಗಳ ಛತ್ರಿಯಂಥ ಗೊಂಚಲು ಒಮ್ಮೆಲೇ ಬಲಿಯುವುದಿಲ್ಲ. ನಡುವಿನ ಗೊಂಚಲು ಮೊದಲು, ಬದಿಯವು ನಂತರ. ಮಂಜಿನ ಹಸಿ ಆರುವ ಮುನ್ನ ಬೆಳಿಗ್ಗೆ ಕತ್ತರಿಸಿದರೆ ಕಾಳು ಉದುರಿ ಹೋಗುವುದಿಲ್ಲ. ಕತ್ತರಿಸಿದ್ದನ್ನು ಕಾಗದದ ಚೀಲದಲ್ಲಿ ತಲೆಕೆಳಗಾಗಿ ತೂಗುಹಾಕಿ ಒಂದೆರಡು ವಾರ ಬಿಡಬೇಕು. ತುಳಸಿ, ಕಾಮಕಸ್ತೂರಿಗಳ ತೆನೆ ಒಣಗಿ ಕಂದಾದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಹೊಟ್ಟು ತೆಗೆಯಬಹುದು. ಕಾಮಕಸ್ತೂರಿಯ ಬೀಜ ನೀರು ತಗುಲಿದರೆ ಲೋಳೆಯಾಗಿ ಉಬ್ಬುವುದರಿಂದ ಅದನ್ನು ತೊಳೆಯಬಾರದು. ಹರಿವೆಯ ವಿಷಯದಲ್ಲಿ ಬೇರೆ ಎಚ್ಚರಿಕೆ ಬೇಕು. ಅದರ ಪರಾಗ ಗಾಳಿಯಲ್ಲಿ ಹಾರುತ್ತದೆ. ಕೆಂಪು ಹರಿವೆ, ಹಸಿರು ಹರಿವೆಗಳು ಒಂದೇ ಪಾತಿಯಲ್ಲಿ ಒಟ್ಟಿಗೆ ಹೂ ಬಿಟ್ಟರೆ ಮುಂದಿನ ವರ್ಷ ಎರಡೂ ಅಲ್ಲದ ಬಣ್ಣ ಬರುತ್ತದೆ.

ಬಿರುಬಿಸಿಲಿನಲ್ಲಿ ಬೀಜ ಕಾಯಿಸುವುದು ಹಾನಿಕರ. ಎಳೆಬಿಸಿಲು, ಗಾಳಿಯಾಡುವ ನೆರಳು ಸಾಕು. ಹಲ್ಲಿನಿಂದ ಕಚ್ಚಿದಾಗ ಕಾಳು ಮೆತ್ತಗಾಗದೆ ಕಟ್ಟೆಂದು ಒಡೆದರೆ ಒಣಗಿದೆ ಎಂದರ್ಥ. ಆಮೇಲಷ್ಟೇ ಗಾಜಿನ ಸೀಸೆ. ಹಸಿ ಇರುವ ಬೀಜವನ್ನು ಗಾಳಿಯಾಡದ ಡಬ್ಬಿಗೆ ತುಂಬಿದರೆ ಬೂಷ್ಟು ಹಿಡಿಯುವುದು ಖಂಡಿತ. ಹುರಿದು ಆರಿಸಿದ ಅಕ್ಕಿಯ ಒಂದು ಪುಟ್ಟ ಗಂಟನ್ನು ಸೀಸೆಯೊಳಗಿಟ್ಟರೆ ಅದು ಉಳಿದ ತೇವವನ್ನು ಹೀರುತ್ತದೆ. ಫ್ರಿಜ್‌ನಲ್ಲಿ ಇಡುವವರು ಹೊರತೆಗೆದ ಸೀಸೆ ಕೋಣೆಯ ಶಾಖಕ್ಕೆ ಬಂದ ಮೇಲಷ್ಟೇ ಮುಚ್ಚಳ ತೆಗೆಯಬೇಕು, ಇಲ್ಲದಿದ್ದರೆ ಗಾಳಿಯ ತೇವ ಬೀಜದ ಮೇಲೆ ನೀರಾಗಿ ಇಳಿಯುತ್ತದೆ. ಚೀಟಿಯಲ್ಲಿ ಹೆಸರು, ತಿಂಗಳು, ವರ್ಷ ಬರೆದಿಡುವುದು ಮರೆಯಬಾರದು.

ಬಿತ್ತುವ ಮುನ್ನ 20 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ ಎಷ್ಟು ಜೀವ ಉಳಿದಿದೆ ಎಂದು ತಿಳಿಯುತ್ತದೆ. ಕೊತ್ತಂಬರಿಗೆ ಎರಡು ವಾರದ ತಾಳ್ಮೆ ಬೇಕು. ನಾವು ಕೊತ್ತಂಬರಿ ಬೀಜ ಎನ್ನುವುದು ನಿಜಕ್ಕೂ ಎರಡು ಬೀಜ ಕೂಡಿದ ಕಾಯಿ. ಬಿತ್ತುವ ಮುನ್ನ ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡುವ ರೈತರ ರೂಢಿಗೆ ಇದೇ ಕಾರಣ.

ಪೊಟ್ಟಣ ಬಂದ ಮೇಲೆ

ಬೀಜ ಮಾರಾಟದ ಸರಕಾದದ್ದು ಇತ್ತೀಚೆಗೆ. ಅಮೆರಿಕದಲ್ಲಿ ಶೇಕರ್ ಎಂಬ ಕ್ರೈಸ್ತ ಪಂಥದವರು 19ನೇ ಶತಮಾನದ ಆರಂಭದಲ್ಲಿ ತಮ್ಮ ತೋಟದ ತರಕಾರಿ, ಸೊಪ್ಪುಗಳ ಬೀಜವನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಕಟ್ಟಿ ಊರೂರಿಗೆ ಮಾರಿದರು. ಈ ಪದ್ಧತಿಯನ್ನು ರೂಢಿಗೆ ತಂದವರು ಅವರೇ ಎನ್ನಲಾಗುತ್ತದೆ. ಭಾರತದಲ್ಲಿ 1963ರಲ್ಲಿ ರಾಷ್ಟ್ರೀಯ ಬೀಜ ನಿಗಮ ಸ್ಥಾಪನೆಯಾಯಿತು. 1966ರಲ್ಲಿ ಬೀಜ ಕಾಯ್ದೆ ಬಂತು. ಪೊಟ್ಟಣದ ಬೀಜದ ಗುಣಮಟ್ಟಕ್ಕೆ ಒಂದು ಕಟ್ಟುಪಾಡು ಒದಗಿತು. ಇದರ ಲಾಭವನ್ನು ಅಲ್ಲಗಳೆಯುವಂತಿಲ್ಲ. ಹೈಬ್ರಿಡ್ ಬೀಜ ಇಳುವರಿಯನ್ನು ಹೆಚ್ಚಿಸಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದ ರೈತರು ಹೂವಿಂದ ಹೂವಿಗೆ ಕೈಯಿಂದಲೇ ಪರಾಗ ಹಚ್ಚಿ ಹೈಬ್ರಿಡ್ ತರಕಾರಿ ಬೀಜ ಬೆಳೆಯುವುದರಲ್ಲಿ ಹೆಸರಾದರು. ಆದರೆ ಹೈಬ್ರಿಡ್ ಗಿಡದಿಂದ ಹಿಡಿದ ಬೀಜ ತಾಯಿಯ ಗುಣವನ್ನು ಉಳಿಸಿಕೊಳ್ಳುವುದಿಲ್ಲ. ಪ್ರತಿ ವರ್ಷ ಹೊಸ ಬೀಜ ಕೊಳ್ಳಲೇಬೇಕು.

ಬೀಜ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬೀದಿಗೆ ಬಂದದ್ದು ಡಂಕೆಲ್ ಪ್ರಸ್ತಾವದ ದಿನಗಳಲ್ಲಿ. 1992ರ ಡಿಸೆಂಬರ್‌ನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಮರುವರ್ಷ ಬಳ್ಳಾರಿಯಲ್ಲಿ ಅದೇ ಕಂಪೆನಿಯ ಘಟಕದ ಮೇಲೆ ದಾಳಿ ನಡೆಯಿತು. ಹೋರಾಟದ ರೀತಿಯನ್ನು ಒಪ್ಪದವರು ಅನೇಕರಿದ್ದರು. ಆದರೆ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವುದು ಹಕ್ಕೋ ಅಲ್ಲವೋ ಎಂಬ ಪ್ರಶ್ನೆಯನ್ನು ಯಾರೂ ಕಡೆಗಣಿಸುವಂತಿರಲಿಲ್ಲ. ಸಂಸತ್ತು 2001ರಲ್ಲಿ ಅಂಗೀಕರಿಸಿದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದಕ್ಕೆ ಉತ್ತರ ಕೊಟ್ಟಿತು. ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ, ಮಾರುವ ಹಕ್ಕು ರೈತನಿಗಿದೆ ಎಂದು ಅದು ಸಾರಿತು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದಷ್ಟೇ ನಿರ್ಬಂಧ.

ಕಾನೂನು ಹಕ್ಕನ್ನು ಕೊಡಬಲ್ಲದು, ಕೈಚಳಕವನ್ನು ಕೊಡಲಾರದು. ಪೊಟ್ಟಣ ಸುಲಭವಾಗಿ ಸಿಗುವಾಗ ಬೀಜ ಹಿಡಿಯುವ ಕಲೆ ಮನೆಯಿಂದ ಸದ್ದಿಲ್ಲದೆ ಹೊರಟುಹೋಗುತ್ತದೆ. ಮೂರು ನಾಲ್ಕು ವರ್ಷ ಬಿತ್ತದೆ ಬಿಟ್ಟರೆ ಆ ಮನೆಯ ತಳಿಯೇ ಇಲ್ಲವಾಗುತ್ತದೆ. ಇದನ್ನು ಮನಗಂಡು ಶಿರಸಿಯ ‘ವನಸ್ತ್ರೀ’ಯಂಥ ಮಹಿಳೆಯರ ಗುಂಪುಗಳು ಈ ಶತಮಾನದ ಆರಂಭದ ವರ್ಷಗಳಿಂದ ಮಲೆನಾಡಿನ ಕೈತೋಟಗಳ ಬೀಜವನ್ನು ಮನೆಯಿಂದ ಮನೆಗೆ ಹಂಚುವ ಕೆಲಸಕ್ಕೆ ತೊಡಗಿದವು.

ಹಸಿವಿನ ನಡುವೆ

ಬೀಜ ಕಾಯುವುದು ಎಷ್ಟು ದೊಡ್ಡ ಕೆಲಸವಾಗಬಲ್ಲದು ಎಂಬುದನ್ನು ಜಗತ್ತಿಗೆ ತೋರಿಸಿದ್ದು ರಷ್ಯದ ಲೆನಿನ್‌ಗ್ರಾಡ್. ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ದೇಶದೇಶ ಸುತ್ತಿ ತಂದ ಧಾನ್ಯ, ಬೇಳೆ, ತರಕಾರಿ ಬೀಜಗಳ ಭಂಡಾರ ಆ ನಗರದಲ್ಲಿತ್ತು. 1941ರಿಂದ 1944ರವರೆಗೆ 872 ದಿನ ಜರ್ಮನ್ ಸೇನೆ ನಗರಕ್ಕೆ ಮುತ್ತಿಗೆ ಹಾಕಿದಾಗ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಭಂಡಾರದ ಸಿಬ್ಬಂದಿಯೂ ಸತ್ತರು. ಅವರಲ್ಲಿ ಅಕ್ಕಿಯ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ದಿಮಿತ್ರಿ ಇವಾನೊವ್ ಒಬ್ಬರು. ಸುತ್ತ ಅಕ್ಕಿಯ ಚೀಲಗಳಿದ್ದರೂ ಅವರು ಅದನ್ನು ಮುಟ್ಟಲಿಲ್ಲ. ವಾವಿಲೊವ್ ಅಷ್ಟರಲ್ಲಿ ಸ್ಟಾಲಿನ್ ಆಡಳಿತದ ಸೆರೆಯಾಳಾಗಿದ್ದರು. 1943ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ತೀರಿಕೊಂಡರು.

ಆ ಕಥೆಯಲ್ಲಿ ಅಷ್ಟಾಗಿ ಪ್ರಚಾರವಾಗದ ಇನ್ನೊಂದು ಭಾಗವಿದೆ. ಆಲೂಗೆಡ್ಡೆಯ ತಳಿಗಳನ್ನು ಒಣ ಬೀಜದಂತೆ ಕಪಾಟಿನಲ್ಲಿಡಲು ಬಾರದು. ಆದ್ದರಿಂದ ಅಲ್ಲಿನ ವಿಜ್ಞಾನಿಗಳು 1942ರ ವಸಂತದಲ್ಲಿ ಮುತ್ತಿಗೆಯ ನಡುವೆಯೇ ಗೆಡ್ಡೆಗಳನ್ನು ಮಣ್ಣಿಗೆ ಹಾಕಿದರು. ಇಂದಿನ ಭಂಡಾರಗಳಿಗೂ ಈ ಹಂಗು ತಪ್ಪಿಲ್ಲ. 1976ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಬೀಜಗಳನ್ನು ದೀರ್ಘಕಾಲ ಇಡುತ್ತದೆ. ಅಂಥ ಚಳಿಯಲ್ಲಿಯೂ ಬೀಜ ಮುಪ್ಪಾಗುತ್ತದೆ. ಮೊಳಕೆಯ ಪ್ರಮಾಣ ಇಳಿದಾಗ ಹೊರತೆಗೆದು ಬಿತ್ತಿ ಹೊಸ ಬೀಜ ಹಿಡಿಯಲೇಬೇಕು.

ಸರಕಾರದ ಶೀತಲ ಕೋಣೆಗೂ ಅಡುಗೆಮನೆಯ ಸೀಸೆಗೂ ಇರುವ ವ್ಯತ್ಯಾಸ ವರ್ಷಗಳ ಲೆಕ್ಕದ್ದು ಮಾತ್ರ. ಎರಡೂ ಕಡೆ ಬೀಜ ಕೊನೆಗೆ ಮಣ್ಣಿಗೇ ಮರಳಬೇಕು. ಮುಂದಿನ ಬಾರಿ ಕುಂಡದ ಕೊತ್ತಂಬರಿ ಬಿಳಿ ಹೂ ಬಿಟ್ಟಾಗ ತಡವಾಗಿ ಹೂವಿಗೆ ಬಂದ ನಾಲ್ಕು ಗಿಡಗಳನ್ನು ಕೀಳದೆ ಬಿಟ್ಟರೆ, ಆ ಮನೆಯವರೂ ಈ ಸರಪಳಿಯ ಒಂದು ಕೊಂಡಿಯಾಗುತ್ತಾರೆ. ಎರಡು ತಿಂಗಳಲ್ಲಿ ಒಂದು ಹಿಡಿ ಕಾಳು ಕೈಗೆ ಬರುತ್ತದೆ. ಅರ್ಧ ಸಾರಿಗಾದರೆ ಇನ್ನರ್ಧ ಸೀಸೆಗೆ.